ಮಾಸಿನ ಚೂರು

ಇದನ್ನು ಹೇಳಲು ನೀನು ಯಾರು ಎಂದು ಕೇಳಿದರೆ ನನ್ನಲ್ಲಿ ಉತ್ತರವಿಲ್ಲ. ನಾನು ಡಾಕ್ಟರಲ್ಲ, ಬರೆಯುವವಳೂ ಅಲ್ಲ. ಹಗಲು ಲ್ಯಾಬೊಂದರಲ್ಲಿ ಗಾಜಿನ ಸಾಮಾನು ತೊಳೆಯುತ್ತ, ಸಂಜೆ ಕಾಲೇಜಿನಲ್ಲಿ ಓದಿ, ಕಡೆಗೆ ಅದೇ ಲ್ಯಾಬಿನಲ್ಲಿ ಟೆಕ್ನಿಷಿಯನ್ ಆದವಳು. ಹೇಳುವುದರಲ್ಲಿ ತಪ್ಪಿದ್ದರೆ ಕ್ಷಮಿಸಿ. ಮಾಡಿದ್ದಕ್ಕೆ ನಿಮ್ಮಲ್ಲಿ ಕ್ಷಮೆ ಕೇಳಿ ಪ್ರಯೋಜನವಿಲ್ಲ ಎಂದು ಗೊತ್ತು.

ನನ್ನ ಅಣ್ಣ ಶಾಲೆಯ ವ್ಯಾನ್ ಓಡಿಸುತ್ತಾನೆ. ಅತ್ತಿಗೆ ಮನೆಯ ಮುಂದಿನ ಕೋಣೆಯಲ್ಲಿ ಬಟ್ಟೆ ಹೊಲಿಯುತ್ತಾರೆ. ಅವರ ಮೊದಲ ಮಗ ಎಂಟು ತಿಂಗಳು ಬದುಕಿದ್ದ. ಕೈಕಾಲಿನ ಬಲ ದಿನದಿನಕ್ಕೆ ಇಳಿಯುತ್ತ ಹೋಗಿ, ಕೊನೆಗೆ ಉಸಿರೆಳೆಯುವ ಶಕ್ತಿಯೂ ಉಳಿಯಲಿಲ್ಲ. ಸ್ನಾಯುಗಳನ್ನು ಆಡಿಸುವ ನರಗಳಿಗೆ ಬೇಕಾದ ಒಂದು ವಂಶವಾಹಿ ಅವನಲ್ಲಿ ಇರಲೇ ಇಲ್ಲ. ಸಾಮಾನ್ಯವಾಗಿ ಅದರ ಎರಡು ಪ್ರತಿಗಳಿರುತ್ತವೆ, ತಾಯಿಯದೊಂದು, ತಂದೆಯದೊಂದು. ಅಣ್ಣ ಅತ್ತಿಗೆ ಇಬ್ಬರಲ್ಲೂ ಒಂದೊಂದೇ ಇತ್ತು. ಒಂದಿದ್ದರೂ ಸಾಕು, ಮನುಷ್ಯ ಆರೋಗ್ಯವಾಗಿಯೇ ಇರುತ್ತಾನೆ. ಮಗುವಿಗೆ ಒಂದೂ ಸಿಗದಿದ್ದರೆ ಈ ಕಾಯಿಲೆ.

ಅತ್ತಿಗೆ ಮತ್ತೆ ಬಸುರಿಯಾದಾಗ ಅಣ್ಣ ನನ್ನನ್ನು ಹುಡುಕಿಕೊಂಡು ಲ್ಯಾಬಿನ ಗೇಟಿಗೇ ಬಂದ.

“ಡಾಕ್ಟ್ರಮ್ಮ, ಈ ಸಲ ನೀನೇ ನೋಡು. ಬೇರೆಯವರ ಕೈಗೆ ಕೊಡಬೇಡ.”

“ನಾನು ಡಾಕ್ಟರಲ್ಲ ಅಣ್ಣ.”

“ಗೊತ್ತು ಕಣೇ. ನೀನು ಸಂಜೆ ಡಾಕ್ಟ್ರು. ಹಗಲಿನವರನ್ನ ನೋಡಿ ನೋಡಿ ಸಾಕಾಗಿದೆ.”

ನಮ್ಮವರ ಸ್ಯಾಂಪಲ್ಲನ್ನು ನಾವೇ ಮುಟ್ಟಬಾರದು ಎಂಬುದು ಲ್ಯಾಬಿನ ನಿಯಮ. ನಾನು ಲ್ಯಾಬಿನ ಮುಖ್ಯಸ್ಥೆ ಮೇಡಂ ಬೆನ್ನು ಹತ್ತಿದೆ. ನನ್ನ ಕೈಯಷ್ಟು ಜಾಗ್ರತೆ ಇನ್ನೊಬ್ಬರ ಕೈಗೆ ಇರುವುದಿಲ್ಲ ಎಂದು ಆಗ ನಂಬಿದ್ದೆ. ಬೀಗ ಹಾಕಿದ ಮೇಲೂ ಮೂರು ಸಲ ಎಳೆದು ನೋಡುವ ಜಾತಿ ನನ್ನದು. “ಸರಿ, ನೀನೇ ಮಾಡು. ಆಮೇಲೆ ನನ್ನ ತಲೆ ತಿನ್ನಬೇಡ,” ಎಂದರು ಮೇಡಂ.

ಹನ್ನೆರಡನೇ ವಾರ ಆಸ್ಪತ್ರೆಯಲ್ಲಿ ಸೂಜಿಯಿಂದ ಮಾಸಿನ ಚೂರು ತೆಗೆದು ಕಳಿಸಿದರು. ಮಾಸು, ಹೆರಿಗೆಯಲ್ಲಿ ಮಗುವಿನ ಹಿಂದೆ ಬೀಳುವ ಪ್ಲಸೆಂಟಾ, ಮಗುವಿನದೇ ಅಂಗ, ಆದರೆ ಅದಕ್ಕೆ ತಾಯಿಯ ಗರ್ಭಕೋಶದ ಪದರವೂ ಅಂಟಿಕೊಂಡು ಬರುತ್ತದೆ. ಅದನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ಬಿಡಿಸಬೇಕು. ಮಗುವಿನ ಭಾಗ ಮೊಗ್ಗು ಕಟ್ಟಿದ ಎಳೆಬೇರಿನ ಹಾಗೆ ಕವಲೊಡೆದಿರುತ್ತದೆ. ತಾಯಿಯದು ನೆನೆದ ಹತ್ತಿಯ ಹಾಗೆ. ಎರಡೂ ಬೆಳ್ಳಗೇ ಇರುತ್ತವೆ. ಆ ದಿನ ಬಂದದ್ದು ಎರಡು ಅಕ್ಕಿಕಾಳಿನಷ್ಟೂ ಇರಲಿಲ್ಲ. ಚಿಮಟ ಹಿಡಿದು ಮುಕ್ಕಾಲು ಗಂಟೆ ಕುಳಿತೆ. ಜೊತೆಗೆ ಬಂದಿದ್ದ ಅತ್ತಿಗೆಯ ರಕ್ತದಿಂದಲೂ ಡಿಎನ್‌ಎ ತೆಗೆದು, ಹೋಲಿಸಿ ನೋಡಲೆಂದು ಪಕ್ಕದಲ್ಲಿಟ್ಟೆ.

ಫಲಿತಾಂಶ ಬಂತು. ಒಂದು ಪ್ರತಿ.

ಒಂದು ಎಂದರೆ ಮಗು ಕ್ಷೇಮ. ಆದರೆ ಅತ್ತಿಗೆಯಲ್ಲಿ ಇರುವುದೂ ಒಂದೇ. ಹಾಗಾಗಿ ನಾವು ಅಳೆದದ್ದು ತಾಯಿಯ ಕೋಶವಲ್ಲ, ಮಗುವಿನದೇ ಎಂದು ಇನ್ನೊಂದು ಪರೀಕ್ಷೆಯಿಂದ ಖಚಿತಪಡಿಸಿಕೊಳ್ಳಬೇಕು. ಆ ಪರೀಕ್ಷೆಯ ಕಿಟ್ ಮುಗಿದಿತ್ತು. ಹೊಸದು ಬರಲು ಒಂದು ವಾರ.

“ಕಾಯೋಣವಾ, ಕಳಿಸೋಣವಾ?” ಎಂದರು ಮೇಡಂ.

ಅತ್ತಿಗೆ ದಿನಕ್ಕೆ ಮೂರು ಸಲ ಫೋನ್ ಮಾಡುತ್ತಿದ್ದರು. ಕಳಿಸೋಣ ಎಂದವಳು ನಾನು. ತಾಯಿಯ ಕೋಶದ ಬೆರಕೆ ಇದೆಯೇ ಎಂದು ಪರೀಕ್ಷಿಸಿಲ್ಲ ಎಂಬ ಒಂದು ಸಾಲನ್ನು ವರದಿಯ ಅಡಿಯಲ್ಲಿ ಸಣ್ಣಕ್ಷರದಲ್ಲಿ ಸೇರಿಸಿದೆವು. ಫೋನಿನಲ್ಲಿ ಆ ಸಾಲನ್ನು ನಾನು ಓದಲಿಲ್ಲ.

“ಅತ್ತಿಗೆ, ಒಂದಿದೆ. ನಿಮ್ಮ ಹಾಗೇ.”

ಆ ಕಡೆ ಹೊಲಿಗೆ ಯಂತ್ರದ ಸದ್ದು ಶುರುವಾಯಿತು.

“ಕೇಳಿಸ್ತಾ?”

“ಕೇಳಿಸ್ತು, ಇರು. ಈ ಅಂಚು ಹೊಲಿದು ಮಾತಾಡ್ತೀನಿ. ಸುಮ್ಮನೆ ಕೂತ್ರೆ ಅತ್ತುಬಿಡ್ತೀನಿ.”

ಮುಂದಿನ ಮಂಗಳವಾರ ಕಿಟ್ ಬಂತು. ನಾನು ಹೋಲಿಸಿ ನೋಡಲಿಲ್ಲ. ಬೇರೆ ಸ್ಯಾಂಪಲ್ಲುಗಳ ರಾಶಿಯಿತ್ತು ಎಂಬುದು ನಿಜ, ಅದೇ ಕಾರಣ ಎಂದರೆ ಸುಳ್ಳು. ಎಲ್ಲವನ್ನೂ ಮೂರು ಸಲ ನೋಡುವ ನಾನು ಸಂತೋಷವನ್ನು ಮಾತ್ರ ಒಂದೇ ಸಲ ನೋಡಿ ಎತ್ತಿಟ್ಟೆ.

ಹೆಣ್ಣುಮಗು ಹುಟ್ಟಿತು. ಅಣ್ಣ ವ್ಯಾನಿನ ಮಕ್ಕಳಿಗೆಲ್ಲ ಸಿಹಿ ಹಂಚಿದ. ಎಂಟನೇ ವಾರ ಅತ್ತಿಗೆ ಹೇಳಿದರು, “ಇವಳು ಹೊದಿಕೆ ಒದೆಯೋದು ನಿಲ್ಲಿಸಿದ್ದಾಳೆ ಕಣೇ.”

“ಅಪ್ಪನ ಹಾಗೆ ಸೋಮಾರಿ,” ಎಂದ ಅಣ್ಣ. ಅವನ ಮುಖದಲ್ಲಿ ನಗು ಇರಲಿಲ್ಲ.

ಮಗುವಿನ ರಕ್ತದಲ್ಲಿ ಆ ವಂಶವಾಹಿಯ ಒಂದು ಪ್ರತಿಯೂ ಇರಲಿಲ್ಲ. ಅಂದು ಮಗುವಿನದೆಂದು ಅಳೆದ ಡಿಎನ್‌ಎಯ ಕೊಳವೆಯನ್ನು ಫ್ರೀಜರಿನಿಂದ ತೆಗೆದು, ಅತ್ತಿಗೆಯ ಹೊಸ ರಕ್ತದೊಂದಿಗೆ ಹೋಲಿಸಿದೆ. ಒಬ್ಬೊಬ್ಬರಲ್ಲೂ ಬೇರೆಬೇರೆಯಾಗಿರುವ ಹದಿನಾರು ಗುರುತುಗಳಲ್ಲಿ ಹದಿನಾರೂ ಅತ್ತಿಗೆಯವೇ.

ದೊಡ್ಡ ಆಸ್ಪತ್ರೆಯೊಂದರಲ್ಲಿ ಆ ವರ್ಷ ಹೊಸ ಔಷಧಿಯ ಪ್ರಯೋಗ ನಡೆಯುತ್ತಿತ್ತು. ಹುಟ್ಟಿ ಆರು ವಾರ ದಾಟದ, ಇನ್ನೂ ಬಲ ಕುಂದದ ಮಕ್ಕಳನ್ನು ಮಾತ್ರ ಸೇರಿಸಿಕೊಳ್ಳುತ್ತಿದ್ದರು. ಸತ್ತ ನರವನ್ನು ಆ ಔಷಧಿ ಎಬ್ಬಿಸುವುದಿಲ್ಲ. ನಮ್ಮ ಮಗು ಒಂಬತ್ತನೇ ವಾರದಲ್ಲಿತ್ತು. ನಾನು ಫೋನ್ ಮಾಡಿ ಬೇಡಿಕೊಂಡೆ. ಅಲ್ಲಿಯ ನರ್ಸ್ ಪೂರ್ತಿ ಕೇಳಿಸಿಕೊಂಡು, “ನಿಯಮ ನನ್ನ ಕೈಲಿಲ್ಲಮ್ಮ,” ಎಂದರು. ನಿಯಮದ ಬಗ್ಗೆ ಮಾತಾಡುವ ಬಾಯಿ ನನಗೂ ಇರಲಿಲ್ಲ.

“ವರದಿಯ ಅಡಿಯಲ್ಲಿ ಬರೆದಿದ್ದೀವಲ್ಲ, ಲ್ಯಾಬಿಗೆ ತೊಂದರೆಯಾಗಲ್ಲ,” ಎಂದರು ಮೇಡಂ. “ನೀನು ಮನೇಲಿ ಈಗಲೇ ಬಾಯಿ ಬಿಡಬೇಡ.”

ಅದೇ ಮಧ್ಯಾಹ್ನ ಹೋಗಿ ಹೇಳಿದೆ. ಅಣ್ಣ ಊಟಕ್ಕೆ ಬಂದಿದ್ದ.

“ನೀನೇ ನೋಡಿದ್ದಲ್ವಾ?” ಎಂದ.

“ನಾನೇ.”

“ಬೇರೆ ಯಾರೂ ಅಲ್ಲ ತಾನೆ?”

“ಅಲ್ಲ ಅಣ್ಣ.”

ಅವನು ಬಕೆಟ್ ಎತ್ತಿಕೊಂಡು ವ್ಯಾನ್ ತೊಳೆಯಲು ಹೋದ. ವ್ಯಾನ್ ಬೆಳಿಗ್ಗೆಯೇ ತೊಳೆದಾಗಿತ್ತು.

ಅತ್ತಿಗೆ ಯಂತ್ರದ ಮುಂದಿನಿಂದ ಏಳಲಿಲ್ಲ. “ಮೊದಲೇ ಗೊತ್ತಾಗಿದ್ರೆ ಆ ಔಷಧಿ ಸಿಗ್ತಿತ್ತಾ?”

“ಸಿಗ್ತಿತ್ತು ಅತ್ತಿಗೆ.”

“ನಡೀತಿದ್ಳಾ?”

“ಹೇಳೋಕಾಗಲ್ಲ. ನಡೆದಿರೋ ಮಕ್ಕಳಿದ್ದಾರೆ.”

ಅವರು ಸೂಜಿಯ ಕೆಳಗಿನ ಬಟ್ಟೆಯನ್ನೇ ನೋಡುತ್ತಿದ್ದರು. “ಹಾಗಾದ್ರೆ ಅವತ್ತು ನೀನು ಚೆನ್ನಾಗಿದೆ ಅಂದಿದ್ದು ನನ್ನನ್ನ.”

ನಾನು ಹೌದು ಎಂದೆ. ಮಗು ಎಚ್ಚರವಾಯಿತು. ಅಳುವಿಗೂ ಬಲವಿರಲಿಲ್ಲ, ಬೆಕ್ಕಿನ ಮರಿಯಷ್ಟು ಸದ್ದು. ಅತ್ತಿಗೆ ಎತ್ತಿಕೊಂಡು ಬಂದು ನನ್ನ ತೋಳಿಗೆ ಹಾಕಿದರು. “ಕತ್ತು ಹಿಡ್ಕೋ. ನಾನು ಮುಖ ತೊಳ್ಕೊಂಡು ಬರ್ತೀನಿ.” ಬಚ್ಚಲಿನಲ್ಲಿ ನಲ್ಲಿ ಬಹಳ ಹೊತ್ತು ಸುರಿಯಿತು. ಮಗು ನನ್ನನ್ನೇ ನೋಡುತ್ತಿತ್ತು. ಈ ಕಾಯಿಲೆಯಲ್ಲಿ ಕಣ್ಣುಗಳ ಬಲ ಮಾತ್ರ ಕುಂದುವುದಿಲ್ಲ.

ಏಳನೇ ತಿಂಗಳು ಅವಳು ಹೋದಳು.

ನಾನು ಮಗುವಿನ ಭಾಗವೆಂದು ತಾಯಿಯ ಪದರವನ್ನೇ ಆರಿಸಿಕೊಂಡೆನೋ, ಅಥವಾ ಡಿಎನ್‌ಎ ತೆಗೆದ ಮೇಲೆ ಎರಡು ಕೊಳವೆಗಳನ್ನು ಅದಲುಬದಲು ಮಾಡಿದೆನೋ ಗೊತ್ತಿಲ್ಲ. ಅತ್ತಿಗೆಯದೆಂದು ಬರೆದಿದ್ದ ಕೊಳವೆ ಇದ್ದಿದ್ದರೆ, ಅದರಲ್ಲಿರುವುದು ಅತ್ತಿಗೆಯದೋ ಮಗುವಿನದೋ ನೋಡಿ ತಿಳಿಯುತ್ತಿತ್ತು. ತಾಯಿಯ ರಕ್ತ ಬೇಕೆಂದಾಗ ಸಿಗುತ್ತದೆಂದು ಆರು ತಿಂಗಳಿಗೆ ಅದನ್ನು ಬಿಸಾಡುತ್ತೇವೆ. ಸರಿಯಾದ ವರದಿ ಸಿಕ್ಕಿದ್ದರೆ ಅತ್ತಿಗೆ ಅವಳನ್ನು ಹೆರುತ್ತಿದ್ದರೋ, ಬೇಡವೆನ್ನುತ್ತಿದ್ದರೋ ಅದೂ ಗೊತ್ತಿಲ್ಲ. ಅವರು ಹೇಳಿಲ್ಲ, ನಾನು ಕೇಳಿಲ್ಲ.