ನಲವತ್ತೊಂಬತ್ತನೆಯ ಪುಟ

ಪುಟ ತಿರುವಿದೊಡನೆ ಕೈ ತಾನಾಗಿಯೇ ಪೆನ್ಸಿಲಿಗೆ ತಡಕಾಡಿತು. ನಲವತ್ತೊಂಬತ್ತು. ಪುಟಸಂಖ್ಯೆಯ ಪಕ್ಕದಲ್ಲಿ ಮೆಣಸಿನ ಕಾಳಿನಷ್ಟು ಸಣ್ಣದೊಂದು ವೃತ್ತ, ಅದರ ನಡುವೆ ಒಂದು ಚುಕ್ಕಿ. ಓದಿ ಮುಗಿಸಿದ್ದನ್ನು ಮರೆತು ಮತ್ತೆ ಎರವಲು ತರಬಾರದೆಂದು ಗ್ರಂಥಾಲಯದ ಓದುಗರು ಗುಟ್ಟಾಗಿ ಮಾಡಿಕೊಳ್ಳುವ ಗುರುತು. ಪುಸ್ತಕ ಕೆಡಿಸುವ ಈ ಅಪರಾಧವನ್ನು ಪಂಡಿತರು ಹನ್ನೊಂದು ವರ್ಷಗಳಿಂದ ಎಸಗುತ್ತ ಬಂದಿದ್ದರು. ಅದೂ ಇನ್ನೊಬ್ಬರ ಹೆಸರಿನಲ್ಲಿ.

ಪುಸ್ತಕದ ಮುಖಪುಟದಲ್ಲಿ ಅರೆ ತೆರೆದ ಬಾಗಿಲೊಂದರ ಕೆಳಗಿನಿಂದ ರಕ್ತ ಹರಿಯುತ್ತಿತ್ತು. ಅದರ ಮೇಲೆ ಕಂದು ಕಾಗದದ ಹೊದಿಕೆ. ಹೊದಿಕೆಯ ಮೇಲೆ ಪಂಡಿತರದೇ ದುಂಡಕ್ಷರ: ವ್ಯಾಕರಣ.

"ಆಯ್ತಾ ಇವತ್ತಿನ ಕೊಲೆ?"

ಹೆಂಡತಿ ಕಿಟಕಿಯ ಬಳಿ ಕೂತು ಬಟಾಣಿ ಬಿಡಿಸುತ್ತಿದ್ದಳು. ನೋಡದೆ ಬಿಡಿಸುತ್ತಿದ್ದಳು. ಅಕ್ಷರಗಳು ಆಕೆಯ ಕಣ್ಣು ಬಿಟ್ಟುಹೋಗಿ ಎರಡು ವರ್ಷವಾಗಿತ್ತು. ಈಗ ಬಟಾಣಿಗಳೂ ಹೋಗಿದ್ದವು. ಉಳಿದದ್ದು ಕಿಟಕಿ ಯಾವ ಕಡೆ ಇದೆ ಎಂಬ ತಿಳಿವಳಿಕೆ ಮಾತ್ರ.

"ಬೆಳಬೆಳಗ್ಗೆ ಕೊಲೆಗಿಲೆ ಅನ್ಬೇಡ," ಎಂದರು ಪಂಡಿತರು.

"ಮಾಡೋರಿಗಿಲ್ಲದ ಮುಜುಗರ ಆಡೋರಿಗೆ ಯಾಕೆ? ಕಾರ್ಡು ನನ್ನದು. ನನ್ನ ಹೆಸರಲ್ಲಿ ಇಷ್ಟು ಹೆಣ ಬಿದ್ದಿವೆ, ಒಂದು ಹೆಣದ ಕಥೆಯೂ ನನಗೆ ಗೊತ್ತಿಲ್ಲ. ಒಂದಿನ ಓದಿ ಹೇಳಬಾರದಾ?"

"ಅದೆಲ್ಲ ಕೇಳೋಂಥದ್ದಲ್ಲ."

"ಕೇಳೋಂಥದ್ದಲ್ಲದ್ದು ಓದೋಂಥದ್ದು ಹೇಗಾಯ್ತು?"

ಪಂಡಿತರು ಪುಸ್ತಕ ಮುಚ್ಚಿದರು. ಶಾಸ್ತ್ರಾರ್ಥದಲ್ಲಿ ಅವರನ್ನು ಮೂವತ್ತು ವರ್ಷಗಳಲ್ಲಿ ಯಾರೂ ಇಷ್ಟು ಬೇಗ ಸೋಲಿಸಿರಲಿಲ್ಲ.

ಭಯಾನಕ ರಸವನ್ನು ಕುರಿತು ನಾನೂರೆಂಬತ್ತು ಪುಟಗಳ ಗ್ರಂಥ ಬರೆದವರು ಅವರು. ಭಯವೆಂಬ ಸ್ಥಾಯೀಭಾವ ಸಹೃದಯನ ಎದೆಯಲ್ಲಿ ಹೇಗೆ ರಸವಾಗಿ ಮಾಗುತ್ತದೆ, ರೋಮಾಂಚ ಎಲ್ಲಿ ಹುಟ್ಟಿ ಎಲ್ಲಿ ಅಡಗುತ್ತದೆ ಎಂಬುದನ್ನು ಅವರಷ್ಟು ನುಣುಪಾಗಿ ವಿಂಗಡಿಸಿದವರು ಇನ್ನೊಬ್ಬರಿರಲಿಲ್ಲ. ಆದರೆ ಆ ನಾನೂರೆಂಬತ್ತು ಪುಟಗಳನ್ನು ಬರೆಯುವಾಗ ಅವರ ತೋಳಿನ ಒಂದು ಕೂದಲೂ ನಿಮಿರಿರಲಿಲ್ಲ. ಹಳೆಯ ಮಹಾಕಾವ್ಯಗಳ ಘೋರ ಯುದ್ಧಭೂಮಿಗಳಲ್ಲಿ ಅವರು ಪಾಠಾಂತರಗಳನ್ನು ಆರಿಸುತ್ತ ನಿರಾತಂಕವಾಗಿ ಓಡಾಡಿದ್ದರು. ದಿನವೂ ನಸುಕಿನಲ್ಲಿ ಪ್ರಾರ್ಥನೆಗೆ ಕೂತಾಗಲೂ ಅಷ್ಟೇ. ತುಟಿ ಅಲುಗುತ್ತಿತ್ತು. ಇನ್ನೇನೂ ಅಲುಗುತ್ತಿರಲಿಲ್ಲ.

ಹನ್ನೊಂದು ವರ್ಷದ ಹಿಂದೆ, ಹೆಂಡತಿಗೆಂದು ಅಡುಗೆಯ ಪುಸ್ತಕ ತರಲು ಹೋಗಿ, ಕಣ್ತಪ್ಪಿನಿಂದ ಪಕ್ಕದ ಕಪಾಟಿನ ಪುಸ್ತಕ ತಂದಿದ್ದರು. ಅಂದು ನಲವತ್ತೊಂಬತ್ತನೆಯ ಪುಟದಲ್ಲಿ ಅವರ ಮೈಕೂದಲು ನಿಂತಿತ್ತು. ನಿಜವಾಗಿ, ಬಾಲಕನಿಗೆ ನಿಂತಂತೆ. ಅಂದಿನಿಂದ ಆ ಪುಟದ ಸಂಖ್ಯೆಯೇ ಗುರುತಿನ ತಾಣವಾಯಿತು.

ಇಂದು ನಾಲ್ಕು ಗಂಟೆಗೆ ಅದೇ ಗ್ರಂಥಾಲಯಕ್ಕೆ ಅವರು ಹೋಗಬೇಕಿತ್ತು, ತೀರ್ಪುಗಾರರಾಗಿ.

ಸಂಗತಿ ಇಷ್ಟೇ. ಭಯದ ಕಾದಂಬರಿಗಳ ಓದುಗರ ಗುಂಪೊಂದು ಪ್ರತಿ ಶನಿವಾರ ಅಲ್ಲಿಯ ಮೇಲುಕೋಣೆಯಲ್ಲಿ ಸೇರುತ್ತಿತ್ತು. ಆ ಕೋಣೆಯನ್ನು ತೆರವು ಮಾಡಿಸಿ, ಆ ಪುಸ್ತಕಗಳನ್ನು ಉಗ್ರಾಣಕ್ಕೆ ಸಾಗಿಸಬಹುದೇ ಎಂದು ಆಡಳಿತ ಮಂಡಳಿ ಪಂಡಿತರ ಅಭಿಪ್ರಾಯ ಕೇಳಿತ್ತು. ಒಮ್ಮೆ ಹೋಗಿ ನೋಡಿ, ನಾಲ್ಕು ಸಾಲು ಬರೆದುಕೊಡಬೇಕು. ನೋಡುವ ಮೊದಲೇ ಅವರು ಬರೆದಿದ್ದರು, ನಾಲ್ಕಲ್ಲ, ಒಂದೇ ಸಾಲು: "ಇಂತಹ ಕೃತಿಗಳು ಭಯವನ್ನು ಮಾರುತ್ತವೆಯೇ ಹೊರತು ರಸವನ್ನು ಕೊಡಲಾರವು, ಇವುಗಳ ಸ್ಥಾನ ಉಗ್ರಾಣವೇ." ಆ ವಾಕ್ಯದ ತೂಕಕ್ಕೆ ಮೂರು ದಿನ ಒಳಗೊಳಗೇ ಹಿಗ್ಗಿದ್ದರು. ಲಕೋಟೆ ಅಂಗಿಯ ಜೇಬಿನಲ್ಲಿತ್ತು. ವ್ಯಾಕರಣದ ಪುಸ್ತಕ ಚೀಲದಲ್ಲಿತ್ತು. ಅದನ್ನು ಮರಳಿಸುವ ದಿನವೂ ಇಂದೇ.

*

ಮೇಲುಕೋಣೆ ಮಕ್ಕಳ ವಿಭಾಗಕ್ಕೆ ಸೇರಿದ್ದು. ಕುರ್ಚಿಗಳೂ ಮಕ್ಕಳವೇ. ಹನ್ನೊಂದು ಮಂದಿ ದೊಡ್ಡವರು ಮಂಡಿಯನ್ನು ಎದೆಗೆ ತಂದುಕೊಂಡು, ಯಾವುದೋ ತಪ್ಪಿಗೆ ಶಿಕ್ಷೆಯಾದವರಂತೆ ಸುತ್ತ ಕೂತಿದ್ದರು. ಪಂಡಿತರಿಗೂ ಅಂಥದೇ ಹಳದಿ ಕುರ್ಚಿ ಸಿಕ್ಕಿತು. ಅದರಲ್ಲಿ ಕೂತು ಗಾಂಭೀರ್ಯ ಉಳಿಸಿಕೊಳ್ಳುವ ಉಪಾಯವನ್ನು ಯಾವ ಶಾಸ್ತ್ರವೂ ಹೇಳಿರಲಿಲ್ಲ.

"ನೀವು ಇದೀರಿ ಅಂತ ನಾವು ಮಾತು ಬದಲಿಸಲ್ಲ ಸಾರ್," ಎಂದ ನಿವೃತ್ತ ಬಸ್ ಡ್ರೈವರ್. ದೊಡ್ಡ ಮೈ, ಸಣ್ಣ ದನಿ. "ನನ್ನ ಮಟ್ಟಿಗೆ ಬಾಗಿಲಪ್ಪನ್ನ ಬಿಟ್ರೆ ಇನ್ನೊಬ್ಬ ಬರಹಗಾರನಿಲ್ಲ."

ಬಾಗಿಲಪ್ಪ ಎಂಬುದು ಅವರು ಒಬ್ಬ ಲೇಖಕನಿಗಿಟ್ಟ ಅಡ್ಡಹೆಸರು. ಆತನ ಪ್ರತಿ ಕಾದಂಬರಿಯಲ್ಲೂ ಮುಚ್ಚಿದ ಬಾಗಿಲೊಂದು ಇರುತ್ತಿತ್ತು. ಪಂಡಿತರಿಗೆ ವಿವರಣೆ ಬೇಕಿರಲಿಲ್ಲ. ಬೇಕೆಂಬಂತೆ ಹುಬ್ಬೇರಿಸಿದರು.

"ದೆವ್ವಾನ ತೋರಿಸೋದೇ ಇಲ್ಲ ಅವನು. ಬಾಗಿಲು ತೋರಿಸ್ತಾನೆ ಅಷ್ಟೆ. ಅದರ ಹಿಂದೆ ನಾವೇ ಹೋಗಿ ನಿಂತ್ಕೋಬೇಕು."

"ಅದು ಮೋಸ ಕಣಯ್ಯ," ಎಂದ ದರ್ಜಿ. ಕಿವಿಯ ಹಿಂದೆ ಸೀಮೆಸುಣ್ಣದ ಚೂರು ಇನ್ನೂ ಇತ್ತು. "ದೆವ್ವ ಕೊಡ್ತೀನಿ ಅಂತ ಬಾಗಿಲು ಕೊಟ್ರೆ, ಕೋಟು ಅಂತ ಹೇಳಿ ಗುಂಡಿ ಕೊಟ್ಟ ಹಾಗೆ. ನನಗೆ ಡಾಕ್ಟರಮ್ಮನ ಪುಸ್ತಕಗಳೇ ಸಾಕು. ಮೊದಲನೇ ಸಾಲಲ್ಲಿ ಹೆಣ, ಕೊನೇ ಪುಟದಲ್ಲಿ ಎಲ್ಲ ಎಳೆಗೂ ಸೇರಿ ಒಂದೇ ಗಂಟು. ಒಂದು ದಾರ ಹೊರಗೆ ನೇತಾಡಲ್ಲ."

"ಡಾಕ್ಟರಮ್ಮನ ಹೆಣಗಳು ಅತಿ ಶುಚಿ," ಎಂದಳು ಎದುರಿಗೆ ಕೂತಿದ್ದ ಹೆಂಗಸು. ನಲವತ್ತರ ಆಸುಪಾಸು, ಆಸ್ಪತ್ರೆಯಲ್ಲಿ ನರ್ಸು ಎಂದು ಪರಿಚಯ ಹೇಳಿಕೊಂಡಿದ್ದಳು. "ಇಸ್ತ್ರಿ ಮಾಡಿ ಮಲಗಿಸಿದ ಹಾಗಿರ್ತವೆ. ನಿಜವಾದ್ದು ಹಾಗಿರಲ್ಲ."

ಎಲ್ಲರೂ ನಕ್ಕರು.

"ಹಾಗಾದ್ರೆ ನಿಮಗೆ ಯಾರಕ್ಕ?" ದರ್ಜಿ ಕೆಣಕಿದ.

"ಹೆದರಿದೀನಿ ಅಂತ ಒಪ್ಕೊಳ್ಳೋರು ಯಾರು ಬರೆದ್ರೂ ಆಯ್ತು. ಆಸ್ಪತ್ರೇಲಿ ಹಾಗನ್ನೋಕೆ ಬಿಡುವಿರಲ್ಲ. ಇಲ್ಲಿ ಬಂದು ಅಂತೀನಿ."

ಪಂಡಿತರು ಅಂಗಿಯ ಬಲತೋಳನ್ನು ಮಣಿಕಟ್ಟಿನವರೆಗೆ ಎಳೆದು, ನಿಮಿರಿದ ಕೂದಲನ್ನು ಮುಚ್ಚಿಕೊಂಡರು. ಸಭೆಗಳಲ್ಲಿ ಅವರು ಸಾವಿರ ಸಲ ಹೇಳಿದ 'ಸಹೃದಯ' ಎಂಬ ಮಾತು ಈ ಹಳದಿ ಕುರ್ಚಿಗಳ ನಡುವೆ ಕರೆಯದೆಯೇ ಬಂದು ಕೂತಿತ್ತು. ಅದನ್ನು ಕಂಡೂ ಕಾಣದಂತೆ ಅವರು ಗೋಡೆಯ ವರ್ಣಮಾಲೆಯನ್ನು ನೋಡಿದರು.

ಅಷ್ಟರಲ್ಲಿ ಡ್ರೈವರ್ ಪುಸ್ತಕವೊಂದನ್ನು ತೆರೆದು ಅವರ ಮುಂದೆ ಹಿಡಿದ. "ಸಾರ್, ಇದು ನೋಡಿ. ನಮ್ಮ ಚುಕ್ಕಿಯಜ್ಜ."

ನಲವತ್ತೊಂಬತ್ತನೆಯ ಪುಟ. ವೃತ್ತ, ಚುಕ್ಕಿ. ಸುತ್ತ ಬೇರೆ ಬೇರೆ ಕೈಗಳ ಗುರುತುಗಳು: ಒಂದು ಚಕ್ರ, ಒಂದು ಕತ್ತರಿ, ಒಂದು ಕೂಡು ಚಿಹ್ನೆ.

"ಯಾರೋ ಗೊತ್ತಿಲ್ಲ. ನಾವು ಯಾವ ಪುಸ್ತಕ ತೆಗೆದ್ರೂ ಅಜ್ಜ ಆಗಲೇ ಹೋಗಿ ಬಂದಿರ್ತಾನೆ. ಅಚ್ಚಿನ ತಪ್ಪನ್ನೂ ಪೆನ್ಸಿಲಲ್ಲಿ ತಿದ್ದಿರ್ತಾನೆ. ಚುಕ್ಕಿ ಇದ್ರೆ ನಂಬಿ ಓದಬಹುದು. ಅದಕ್ಕೇ ನಾವೂ ಅವನ ಪಕ್ಕದಲ್ಲೇ ಗುರುತು ಹಾಕ್ತೀವಿ. ಕತ್ತಲೆ ರಸ್ತೇಲಿ ಮುಂದೊಂದು ಗಾಡಿ ಹೋಗ್ತಿದ್ರೆ ಧೈರ್ಯ ಇರುತ್ತಲ್ಲ, ಹಾಗೆ."

ಪಂಡಿತರ ಗ್ರಂಥದ ಬಗ್ಗೆ ಇಂಥ ಮಾತನ್ನು ಯಾರೂ ಆಡಿರಲಿಲ್ಲ. ವಿಮರ್ಶಕರು 'ಆಕರಪೂರ್ಣ' ಎಂದಿದ್ದರು. ಈಗ ಹೇಳಬಹುದಿತ್ತು. ಎರಡೇ ಶಬ್ದ: ಅದು ನಾನು. ಲಕೋಟೆ ಹರಿದುಹಾಕಿದರೆ ಕೋಣೆಯೂ ಉಳಿಯುತ್ತಿತ್ತು. ಆದರೆ ನಾಳೆ ವಿದ್ವತ್ಸಭೆಯ ಮುಂಸಾಲಿನಲ್ಲಿ ಹರಡುವ ಮುಗುಳ್ನಗೆ ಇಂದೇ ಕಣ್ಣಿಗೆ ಕಟ್ಟಿತು.

"ಬಾಗಿಲಪ್ಪನ ಮೊದಲನೇ ಪುಸ್ತಕದಲ್ಲಿ," ಡ್ರೈವರ್ ಮುಂದುವರಿಸಿದ, "ಆ ಮುದುಕಿ ಒಳಗಿಂದ ಬಾಗಿಲು ತಟ್ತಾಳಲ್ಲ—"

"ಮೊದಲನೆಯದಲ್ಲ, ಮೂರನೆಯದು. ಮತ್ತು ತಟ್ಟೋದು ಮುದುಕಿಯಲ್ಲ, ಅವಳ ಊರುಗೋಲು."

ಪಂಡಿತರಿಗೆ ತಮ್ಮದೇ ದನಿ ಗುರುತು ಸಿಗಲು ಒಂದು ಕ್ಷಣ ಬೇಕಾಯಿತು. ಜೀವಮಾನವೆಲ್ಲ ಅವರು ಯಾವ ತಪ್ಪನ್ನೂ ತಿದ್ದದೆ ಬಿಟ್ಟವರಲ್ಲ.

"ನೀವೂ ಓದಿದೀರಾ ಸಾರ್?" ದರ್ಜಿಯ ಕಣ್ಣು ಅರಳಿತು.

"ನಾನೇ? ಇಲ್ಲಪ್ಪ. ನಮ್ಮ ಮನೆಯವರು... ಹೇಳ್ತಿದ್ದರು."

ಬಾಗಿಲಲ್ಲಿ ನಿಂತಿದ್ದ ಗ್ರಂಥಪಾಲಕಿ ಕೈ ತಟ್ಟಿದಳು. "ನನಗೆ ಅನುಮಾನ ಇತ್ತು! ಚುಕ್ಕಿ ಇರೋ ಪುಸ್ತಕಗಳೆಲ್ಲ ಒಂದೇ ಕಾರ್ಡಲ್ಲಿ ಹೋಗಿವೆ, ಮುನ್ನೂರ ಹದಿನೇಳು ಪುಸ್ತಕ. ಆ ಕಾರ್ಡು ಅಮ್ಮನವರದು. ನೀವೇ ತಂದು ನೀವೇ ವಾಪಸ್ ಕೊಡ್ತೀರಲ್ಲ ಸಾರ್, ಎಂಥ ಅಕ್ಕರೆ ಅಂತ ನಾವು ಕೆಳಗೆ ಮಾತಾಡ್ಕೊಳ್ತಿದ್ವಿ. ಅಮ್ಮನವರೇ ಅಲ್ವಾ?"

ಎಲ್ಲರೂ ಅವರನ್ನೇ ನೋಡುತ್ತಿದ್ದರು, ನರ್ಸು ಎಲ್ಲರಿಗಿಂತ ನೇರವಾಗಿ.

"ಹೌದು," ಎಂದರು ಪಂಡಿತರು. ಅಷ್ಟಕ್ಕೇ ನಿಲ್ಲಿಸಬಹುದಿತ್ತು. "ಏನು ಮಾಡೋದು, ಹೆಂಗಸರು. ಮಧ್ಯಾಹ್ನ ಹೊತ್ತು ಹೋಗಲ್ಲ. ಎಷ್ಟು ಹೇಳಿದ್ರೂ ಅಭಿರುಚಿ ತಿದ್ದೋಕಾಗಲಿಲ್ಲ." ಕೊನೆಯಲ್ಲಿ ಸಣ್ಣದಾಗಿ ನಕ್ಕರು. ಆ ನಗು ಕೋಣೆಯಲ್ಲಿ ಒಂಟಿಯಾಗಿ ಓಡಾಡಿ ಅವರ ಬಳಿಗೇ ಮರಳಿತು.

ನರ್ಸು ಕಣ್ಣು ತಗ್ಗಿಸಿದಳು, ಬೆತ್ತಲೆ ಕಂಡವರು ತಗ್ಗಿಸುವಂತೆ.

ಡ್ರೈವರಿಗೆ ಆ ನಗು ತಾಕಲೇ ಇಲ್ಲ. "ಅಜ್ಜ ಅಲ್ರೋ, ಚುಕ್ಕಿಯಜ್ಜಿ!" ಎಂದು ಎದ್ದು ಕಪಾಟಿನಿಂದ ಹೊಸ ಪುಸ್ತಕವೊಂದನ್ನು ತಂದ. ಬಾಗಿಲಪ್ಪನ ಹೊಸ ಕಾದಂಬರಿ. ಚುಕ್ಕಿಯ ಒಡೆಯ ಸಿಕ್ಕ ದಿನ ಕೊಡಬೇಕೆಂದು ಹನ್ನೊಂದು ಮಂದಿ ಸದಸ್ಯರೂ ಸೇರಿ ಕೊಂಡಿಟ್ಟದ್ದು. "ಇನ್ನೂ ಯಾರೂ ಓದಿಲ್ಲ ಸಾರ್. ಅಜ್ಜಿ ಮೊದಲು ಓದ್ಲಿ. ಗುರುತು ಮಾತ್ರ ಹಾಕಿದೀವಿ, ನಡುವೆ ಅವರಿಗೆ ಜಾಗ ಬಿಟ್ಟು."

*

ಮೆಟ್ಟಿಲಲ್ಲಿ ಹಿಂದಿನಿಂದ ಹೆಜ್ಜೆಯ ಸದ್ದು. ನರ್ಸು.

"ಅಮ್ಮನ ಕಣ್ಣಿಗೆ ಹನಿ ಮೂರು ಹೊತ್ತೂ ಹಾಕ್ತಿದೀರಾ ಸಾರ್?"

ಪಂಡಿತರು ಮೆಟ್ಟಿಲಿನ ಕಟಾಂಜನ ಹಿಡಿದರು. ಸಮವಸ್ತ್ರ, ತಲೆಯ ಮೇಲಿನ ಬಿಳಿ ಟೊಪ್ಪಿಗೆ, ಕಣ್ಣಿನ ವಾರ್ಡಿನ ಉದ್ದನೆಯ ಮೊಗಸಾಲೆ ಒಂದೊಂದಾಗಿ ಬಂದು ಆ ಮುಖಕ್ಕೆ ಕೂಡಿಕೊಂಡವು.

"ಹಾಕ್ತೀನಿ."

"ಎಡಗಣ್ಣಿಗೆ ಬೆಳಕಾದ್ರೂ ಗೊತ್ತಾಗುತ್ತಾ?"

"ಗೊತ್ತಾಗುತ್ತೆ."

"ಒಳ್ಳೇದು." ಅವಳು ಅವರ ಕೈಯಲ್ಲಿದ್ದ ಹೊಸ ಪುಸ್ತಕ ನೋಡಿದಳು. ಚುಚ್ಚಬಹುದಿತ್ತು, ಚುಚ್ಚಲಿಲ್ಲ. "ಪುಸ್ತಕ ಅಮ್ಮನ ಕೈಗೇ ಕೊಡಿ ಸಾರ್. ಮುಟ್ಟಿದ್ರೂ ಖುಷಿಪಡ್ತಾರೆ."

ಅವಳು ಮತ್ತೆ ಮೇಲೆ ಹತ್ತಿ ಹೋದಳು, ಹೆದರಿದೆ ಎಂದು ಹೇಳಬಹುದಾದ ಆ ಕೋಣೆಗೆ.

ಕೆಳಗೆ ಗ್ರಂಥಪಾಲಕಿ ಮೇಜಿನ ಬಳಿ ಕಾದಿದ್ದಳು. ವ್ಯಾಕರಣದ ಹೊದಿಕೆಯನ್ನು ಪಂಡಿತರು ಚೀಲದೊಳಗೇ ಕಳಚಿ, ಪುಸ್ತಕ ಮರಳಿಸಿದರು. ಅವಳು ಕಾರ್ಡಿಗೆ ಮುದ್ರೆಯೊತ್ತಿ, ಕೈ ಚಾಚಿದಳು.

"ಅಭಿಪ್ರಾಯ ತಂದಿದೀರಾ ಸಾರ್? ಅಮ್ಮನೇ ನಮ್ಮ ಕಡೆ ಅಂದ್ಮೇಲೆ ಇನ್ನೇನು ಭಯ."

ಜೇಬಿಗೆ ಹೋದ ಕೈ ಒಂದು ಗಳಿಗೆ ಅಲ್ಲೇ ಉಳಿಯಿತು. ಹರಿಯಬಹುದು. ಮನೆಯಲ್ಲಿ ಮರೆತೆ ಎನ್ನಬಹುದು. ಆದರೆ ಹರಿದರೆ ಕಾರಣ ಕೇಳುತ್ತಾರೆ. ಕೈ ಹೊರಬಂದಾಗ ಅದರಲ್ಲಿ ಲಕೋಟೆ ಇತ್ತು. ಅವಳು ಎರಡೂ ಕೈಯಿಂದ ತೆಗೆದುಕೊಂಡು, "ತುಂಬಾ ಉಪಕಾರ ಆಯ್ತು," ಎಂದಳು.

*

ಮನೆಯಲ್ಲಿ ಹೆಂಡತಿ ಅದೇ ಕಿಟಕಿಗೆ ಮುಖ ಮಾಡಿ ಕೂತಿದ್ದಳು. ಸಂಜೆಯ ಬಿಸಿಲು ಇಳಿದಿತ್ತು. ಪುಸ್ತಕವನ್ನು ಅವಳ ಮಡಿಲಲ್ಲಿಟ್ಟರು.

"ಹೊಸ ವಾಸನೆ," ಎಂದಳು. "ಇದಕ್ಕೆ ಹೊದಿಕೆ ಹಾಕಿಲ್ಲ?"

"ಅಲ್ಲಿಯ ಓದುಗರು ಕೊಟ್ಟರು. ನಿನಗೆ."

"ನನಗೆ ಯಾಕೆ?"

ಪಂಡಿತರು ಚಪ್ಪಲಿ ಬಿಡುವುದರಲ್ಲಿ ಬಹಳ ಹೊತ್ತು ತೊಡಗಿದ್ದರು. ಆಕೆ ಕಾದಳು. ಆಮೇಲೆ ತಾನೇ ಊಹಿಸಿದಳು.

"ಓದೋಳು ನಾನು ಅಂತ ಹೇಳಿದ್ರಾ?"

ಅವರು ಚಪ್ಪಲಿಯನ್ನು ಗೋಡೆಗೆ ಸೇರಿಸಿಟ್ಟರು.

"ಕಣ್ಣಿಲ್ಲದೋಳು ಅಂತ ಗೊತ್ತಾ ಅವರಿಗೆ?"

"ಒಬ್ಬರಿಗೆ ಗೊತ್ತು."

ಆಕೆ ನಕ್ಕಳು. ಕೋಪವಿದ್ದಿದ್ದರೆ ಹಿಡಿದುಕೊಳ್ಳಲು ಒಂದು ಆಸರೆಯಾದರೂ ಇರುತ್ತಿತ್ತು. "ಸರಿ, ಕೂತ್ಕೊಳ್ಳಿ. ಓದಿ. ಅಷ್ಟೆಲ್ಲ ಓದಿರೋಳು ನಾನು ಅಂದ್ಮೇಲೆ ಒಂದು ಕಥೆಯಾದ್ರೂ ಗೊತ್ತಿರಬೇಡ್ವಾ?"

ಅವರು ಅವಳ ಮಡಿಲಿನಿಂದ ಪುಸ್ತಕ ತೆಗೆದುಕೊಂಡು ಎದುರಿನ ಕುರ್ಚಿಯಲ್ಲಿ ಕೂತರು. ಪುಸ್ತಕ ತಾನಾಗಿಯೇ ನಲವತ್ತೊಂಬತ್ತರಲ್ಲಿ ತೆರೆದುಕೊಂಡಿತು. ಹನ್ನೊಂದು ಕೈಗಳು ಅಲ್ಲೇ ಒತ್ತಿದ್ದವಲ್ಲ. ಕೆಳಗಿನ ಅಂಚಿನಲ್ಲಿ ಚಕ್ರ, ಕತ್ತರಿ, ಎಲೆ, ಬೀಗ, ಕೂಡು ಚಿಹ್ನೆ ಸುತ್ತುಗಟ್ಟಿದ್ದವು. ನಡುವೆ ಖಾಲಿ ಜಾಗ. ಪಂಡಿತರು ಸಾಲುಗಳ ಮೇಲೆ ಕಣ್ಣಾಡಿಸಿದರು. ಯಾರೋ ಒಳಗಿನಿಂದ ತಟ್ಟುತ್ತಿದ್ದರು. ತೋಳಿನ ಗುಂಡಿ ಬಿಚ್ಚಿ ನೋಡಿಕೊಂಡರು. ಕೂದಲು ಮಲಗಿಯೇ ಇದ್ದವು.

ಪೆನ್ಸಿಲ್ ಯಾವಾಗ ಕೈಗೆ ಬಂತೋ ತಿಳಿಯಲಿಲ್ಲ. ಖಾಲಿ ಜಾಗದಲ್ಲಿ ವೃತ್ತ ಬರೆದರು. ಮೊನೆ ಕಾಗದದ ಮೇಲೆ ಕೆರೆದ ಸದ್ದಿಗೆ ಆಕೆ ಮುಖ ತಿರುಗಿಸಿದಳು.

"ಏನು ಬರೀತಿದೀರಿ?"

"ಏನೂ ಇಲ್ಲ."

ಚುಕ್ಕಿಗೆಂದು ಇಳಿದ ಮೊನೆ ನಡುದಾರಿಯಲ್ಲಿ ನಿಂತಿತು. ಕೆಳಗೆ ಕಾಗದದ ಮೇಲೆ ಪಾಪೆಯಿಲ್ಲದ ಆ ಪುಟ್ಟ ಕಣ್ಣು, ಸುತ್ತಲೂ ಕಾದು ನಿಂತ ಗುರುತುಗಳ ನಡುವೆ, ರೆಪ್ಪೆ ಮಿಟುಕಿಸದೆ ಅವರನ್ನೇ ನೋಡುತ್ತಿತ್ತು. ಎದುರಿನ ಕುರ್ಚಿಯಿಂದ ಇನ್ನೆರಡು ನೋಡುತ್ತಿದ್ದವು.

"ಹೂಂ," ಎಂದಳು ಆಕೆ, ಕಿವಿ ಮುಂದೆ ಮಾಡಿ. "ಓದಿ ಮತ್ತೆ."