ಲಾರಿಯ ಕೊರಳಿಗೆ ಕಟ್ಟಿದ ಡಬ್ಬಿ

ನಾನು ಒಂದು ವೇಗ ನಿಯಂತ್ರಕ. ಈ ಹೆಸರು ಸರ್ಕಾರದ ಕಾಗದದಲ್ಲಿ ಮಾತ್ರ. ರಸ್ತೆ ಮೇಲೆ ಡ್ರೈವರುಗಳು ನನ್ನನ್ನು ಗೌರ್ನರ್ ಅಂತಾರೆ, ಸಿಟ್ಟು ಬಂದಾಗ ಸವತಿ ಅಂತಾರೆ. ಸಿಟ್ಟು ಅವರಿಗೆ ದಿನಾ ಬರುತ್ತದೆ.

ನೋಡೋಕೆ ನಾನು ಊಟದ ಡಬ್ಬಿಯಷ್ಟೂ ಇಲ್ಲ. ಕಪ್ಪು ಪೆಟ್ಟಿಗೆ, ಹಿಂದೆ ಬಾಲದ ಹಾಗೆ ಒಂದಿಷ್ಟು ವೈರು. ತಗಡಿನ ಶೆಡ್ಡೊಂದರಲ್ಲಿ ಹೆಣ್ಣುಮಕ್ಕಳು ಸಾಲಾಗಿ ಕೂತು ನನಗೆ ಬೆಸುಗೆ ಹಾಕಿದರು. ಆ ಹೊಗೆ ಕುಡಿದು ಕುಡಿದು ಅವರಿಗೆಲ್ಲ ಕೆಮ್ಮು. ರಸ್ತೆಯಲ್ಲಿ ಜನರ ಜೀವ ಉಳಿಯಲಿ ಅಂತ ನನ್ನನ್ನು ಮಾಡಿದ್ದಂತೆ. ಮಾಡಿದವರ ಜೀವ ಯಾರ ಲೆಕ್ಕಕ್ಕೂ ಇರಲಿಲ್ಲ. ನನಗೆ ಕಲಿಸಿದ ಪಾಠ ಒಂದೇ: ಲಾರಿ ಎಂಬತ್ತು ಮುಟ್ಟಿತೋ, ಎಂಜಿನ್ನಿಗೆ ಹೋಗುವ ಡೀಸೆಲ್ ಹಿಡಿ. ಎದುರಿಗೆ ಏನು ಬರುತ್ತಿದೆ ಅಂತ ನೋಡುವ ಕಣ್ಣು ಕೊಡಲಿಲ್ಲ.

ಬೆಳಗಾವಿಯ ಹಂಜಿ ಸಾವ್ಕಾರರ ಲಾರಿಗೆ ನನ್ನನ್ನು ಕಟ್ಟಿದರು. ಎಫ್‌ಸಿ ಅಂದರೆ ಗಾಡಿ ರಸ್ತೆಗೆ ಯೋಗ್ಯ ಅನ್ನುವ ಸರ್ಟಿಫಿಕೇಟು, ಅದನ್ನು ಮಾಡಿಸೋಕೆ ಆರ್‌ಟಿಓ ಆಫೀಸಿಗೆ ಹೋದಾಗ, ನಾನಿಲ್ಲದೆ ಗಾಡಿ ಪಾಸಾಗಲ್ಲ ಅಂದರಂತೆ. ಸ್ಟೇರಿಂಗ್ ಕೆಳಗೆ ಕೂರಿಸಿ, ತಂತಿ ಬಿಗಿದು, ಸೀಸದ ಸೀಲು ಒತ್ತಿದರು. ನನ್ನ ಮೈಮೇಲಿನ ನಂಬರನ್ನು ಗಾಡಿಯ ಕಾಗದದಲ್ಲಿ ಬರೆದುಕೊಂಡರು. ಸಾವ್ಕಾರ ಬಗ್ಗಿ ಕೂಡ ನೋಡಲಿಲ್ಲ. ನೋಡಿದವನು ಡ್ರೈವರ್ ದ್ಯಾಮಣ್ಣ.

ಯರಗಟ್ಟಿ ಕಡೆಯವನು. ಅವನಿಗೆ ಓದು ಇಲ್ಲ, ಹೊಲ ಇಲ್ಲ. ಇದ್ದ ಆಸ್ತಿ ಅಂದರೆ ಹೆವಿ ಲೈಸೆನ್ಸ್ ಒಂದು. ಅದನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಅಂಗಿಯ ಒಳಜೇಬಿನಲ್ಲಿ ಇಟ್ಟುಕೊಂಡು ಮಲಗುತ್ತಿದ್ದ.

ನಮ್ಮ ಲೈನು ಹೈದರಾಬಾದ್. ಟೊಮೆಟೊ, ದೊಣ್ಣೆಮೆಣಸಿನಕಾಯಿ, ಹೂಕೋಸು. ಅಲ್ಲಿ ಮಾರ್ಕೆಟ್ಟಿನಲ್ಲಿ ಹರಾಜಿನ ಕೂಗು ಶುರುವಾಗೋ ಮೊದಲು ಮಾಲು ಇಳೀಬೇಕು. ತಡವಾದರೆ ರೇಟು ಬೀಳುತ್ತದೆ, ರೇಟು ಬಿದ್ದರೆ ಸಾವ್ಕಾರ ಡ್ರೈವರನ ಭತ್ತೆಯಲ್ಲಿ ಮುರಿದುಕೊಳ್ಳುತ್ತಾರೆ. ನಾನು ಬಂದ ಮೇಲೆ ಲಾರಿಯ ಓಟ ಕಡಿಮೆಯಾಯಿತು, ಮುಟ್ಟಿಸುವ ಟೈಮು ಕಡಿಮೆಯಾಗಲಿಲ್ಲ. ಆ ಕೊರತೆ ಎಲ್ಲಿಂದ ತುಂಬಬೇಕು ಹೇಳಿ? ದ್ಯಾಮಣ್ಣ ಊಟ ಬಿಟ್ಟು ತುಂಬಿದ. ನಿದ್ದೆ ಬಿಟ್ಟು ತುಂಬಿದ. ಗುಟ್ಕಾ ಹಾಕಿಕೊಂಡು, ಕಣ್ಣಿಗೆ ನೀರು ಚಿಮುಕಿಸಿಕೊಂಡು ಓಡಿಸಿದ.

ಲೋಕಾಪುರ ದಾಟಿದ ಮೇಲೆ ಒಂದು ಮಧ್ಯಾಹ್ನ ಮುಂದೆ ಒಂದು ಟ್ಯಾಂಕರ್ ಸಿಕ್ಕಿತು. ರಸ್ತೆ ಖಾಲಿ ಕಂಡಿತು, ದ್ಯಾಮಣ್ಣ ಬಲಕ್ಕೆ ತೆಗೆದ. ಟ್ಯಾಂಕರಿನ ಪಕ್ಕಕ್ಕೆ ಬರುವಷ್ಟರಲ್ಲಿ ತಿರುವಿನಿಂದ ಬಸ್ಸು. ಇನ್ನೊಂದು ಚೂರು ಒತ್ತಿದ್ದರೆ ಮುಂದೆ ಹೋಗಿಬಿಡುತ್ತಿದ್ದೆವು. ಅವನು ಒತ್ತಿದ. ಮುಳ್ಳು ಎಂಬತ್ತಕ್ಕೆ ಬಂತು, ನಾನು ಹಿಡಿದೆ. ಬಿಡಲಿಲ್ಲ. ಬ್ರೇಕ್ ಹಾಕಿ ಹಿಂದಕ್ಕೆ ಸರಿಯುವಾಗ ಬಸ್ಸು ನಮ್ಮ ಬಲಗನ್ನಡಿಯನ್ನು ಕಿತ್ತುಕೊಂಡು ಹೋಯಿತು.

ಗಾಡಿ ಬದಿಗೆ ಹಾಕಿ ದ್ಯಾಮಣ್ಣ ಇಳಿದ. ತಲೆ ಮೇಲೆ ಬಾಟಲಿ ನೀರು ಸುರಿದುಕೊಂಡ. ಆಮೇಲೆ ಬಂದು ಸ್ಟೇರಿಂಗ್ ಕೆಳಗೆ ಬಗ್ಗಿ ನನ್ನನ್ನೇ ನೋಡಿದ.

“ನಿನ್ನ ಕಟ್ಟಂತ ಹೇಳಿದವನ್ನ ಒಂದ್ಸಲ ಈ ಸೀಟಿನ್ಯಾಗ ಕುಂದ್ರಸಬೇಕಲೇ” ಅಂದ.

ಅವನು ಬೈದದ್ದು ತಪ್ಪು ಅಂತ ನಾನು ಇವತ್ತಿಗೂ ಹೇಳಲ್ಲ.

ಆ ತಿಂಗಳಲ್ಲೇ ಡ್ರೈವರುಗಳೆಲ್ಲ ಆರ್‌ಟಿಓ ಆಫೀಸಿನ ಮುಂದೆ ಗಾಡಿ ನಿಲ್ಲಿಸಿ ಕೂತರು. ಸವತಿ ಬೇಡ, ಕಿತ್ತುಹಾಕಿ ಅಂತ ಗಲಾಟೆ. ಮಾಲೀಕರೂ ಬಂದು ಹಿಂದೆ ನಿಂತಿದ್ದರು, ಡ್ರೈವರುಗಳ ಮೇಲೆ ಭಾಳ ಪ್ರೀತಿ ಇರೋರ ಹಾಗೆ ಚಹಾ ಹಂಚುತ್ತಿದ್ದರು. ಸಾಹೇಬರು ಹೊರಗೆ ಬಂದು, ಕಾನೂನು ಇರೋದು ನಿಮ್ಮ ಒಳ್ಳೇದಕ್ಕೇ ಅಂತ ಶಾಲೆ ಮಾಸ್ತರರ ಹಾಗೆ ಶುರು ಮಾಡಿದರು. ಆಗ ದ್ಯಾಮಣ್ಣ ಎದ್ದು ನಿಂತ.

“ಸಾಹೇಬ್ರ, ಗಾಡಿಗೆ ಗೌರ್ನರ್ ಹಾಕ್ರಿ, ನಾ ಬ್ಯಾಡ ಅನ್ನಂಗಿಲ್ಲ. ಆದ್ರ ಮಾಲು ಮುಟ್ಟಸೋ ಟೈಮಿಗೂ ಒಂದು ಗೌರ್ನರ್ ಹಾಕ್ರಿ. ಅದು ನಮ್ಮ ಸಾವ್ಕಾರ್ರ ಫೋನಿನ್ಯಾಗ ಐತಿ.”

ಡ್ರೈವರುಗಳು ನಕ್ಕರು. ಸಾಹೇಬರೂ ನಕ್ಕರು. ಹಂಜಿ ಸಾವ್ಕಾರ ನಗಲಿಲ್ಲ, ಕೈಯಲ್ಲಿದ್ದ ಚಹಾದ ಕಪ್ಪು ಕೆಳಗಿಟ್ಟರು. ನಗೆ ಮುಗಿಯಿತು, ಎಲ್ಲರೂ ಮನೆಗೆ ಹೋದರು. ಏನೂ ಆಗಲಿಲ್ಲ.

ಆದರೆ ದ್ಯಾಮಣ್ಣನ ತಲೆಯಲ್ಲಿ ಏನೋ ಹೊಳೆದಿತ್ತು. ಮುಂದಿನ ಟ್ರಿಪ್ಪಿನಲ್ಲಿ ಸಾವ್ಕಾರ ಫೋನು ಮಾಡಿ ಎಲ್ಲಿ ಸತ್ತಿ ಅಂದಾಗ ಅವನು ಹೆದರಲಿಲ್ಲ. ಗೌರ್ನರ್ ಐತ್ರೀ ಧಣಿ, ಎಂಬತ್ತರ ಮ್ಯಾಲೆ ಓಡಂಗಿಲ್ಲ, ಸೀಲ್ ಮುರಿದ್ರ ಕೇಸ್ ಆಗತೈತಿ ಅಂದ. ದ್ಯಾಮಣ್ಣ ಫೋನು ಇಟ್ಟು, ಧಾಬಾದ ಮುಂದೆ ಗಾಡಿ ನಿಲ್ಲಿಸಿ, ರೊಟ್ಟಿ ಉಂಡು, ಸೀಟಿನ ಹಿಂದಿನ ಹಲಗೆ ಮೇಲೆ ಕಾಲು ಚಾಚಿ ಮಲಗಿದ. ಅದು ನನ್ನ ಬಾಳಿನ ಒಳ್ಳೆಯ ಕಾಲ. ನನ್ನ ಹೆಸರು ಹೇಳಿಕೊಂಡು ಒಬ್ಬ ಮನುಷ್ಯ ನಿದ್ದೆ ಮಾಡುತ್ತಿದ್ದ. ಹೊರಡುವ ಮುಂಚೆ ನನ್ನ ಮೇಲಿನ ಧೂಳನ್ನು ಬನಿಯನ್ ಬಟ್ಟೆಯಲ್ಲಿ ಒರೆಸುತ್ತಿದ್ದ. ಸವತಿ ಅನ್ನೋದು ಬಿಟ್ಟು ಬೀಗರು ಅಂತ ಕರೀತಿದ್ದ.

ಸಾವ್ಕಾರರಿಗೆ ಇದು ಅರ್ಥವಾಗದೆ ಇರುತ್ತದೆಯೇ. ದ್ಯಾಮಣ್ಣ ಅಕ್ಕನ ಮಗಳ ಮದುವೆಗೆ ಊರಿಗೆ ಹೋದಾಗ ಲಾರಿಯನ್ನು ಇಸಾಕ್ ಮಿಸ್ತ್ರಿಯ ಗ್ಯಾರೇಜಿಗೆ ಕಳಿಸಿದರು. ಆ ಗ್ಯಾರೇಜಿನಲ್ಲಿ ಇದು ದಿನದ ಕೆಲಸ. ಎಫ್‌ಸಿ ಆಗುವ ತನಕ ನಾವು ಬದುಕಿರಬೇಕು, ಆಮೇಲೆ ಸಾಯಬೇಕು. ಇಸಾಕ್ ಸೀಲು ಮುಟ್ಟಲಿಲ್ಲ. ಡ್ಯಾಶ್‌ಬೋರ್ಡಿನ ಹಿಂದೆ ಕೈ ಹಾಕಿ ನನ್ನ ವೈರು ಕತ್ತರಿಸಿದ, ನನ್ನನ್ನು ಬಿಟ್ಟು ಲಾರಿಯ ಎರಡು ತುದಿ ಸೇರಿಸಿ, ನನ್ನ ಮೋಟು ತುದಿಗೂ ಟೇಪು ಸುತ್ತಿದ. ಹೊರಗಿನಿಂದ ಸೀಲು ಫಳಫಳ. ಒಳಗೆ ನಾನು ಹೆಣ.

ದ್ಯಾಮಣ್ಣ ವಾಪಸು ಬಂದ ಮೊದಲ ದಿನವೇ ಮುಳ್ಳು ಎಂಬತ್ತು ದಾಟಿತು. ಕಾಲು ತೆಗೆದುಬಿಟ್ಟ. ಫೋನು ಮಾಡಿ ಕೇಳಿದ. ಸಾವ್ಕಾರರ ದನಿ ನನಗೂ ಕೇಳಿಸಿತು.

“ಸರ್ವೀಸ್ ಮಾಡಿಸೇನಿ ದ್ಯಾಮಾ. ಇನ್ನ ನೆವಾ ಹೇಳಬ್ಯಾಡ. ಆಗಂಗಿಲ್ಲಂದ್ರ ಚಾವಿ ತಂದು ಕೊಡು, ಡ್ರೈವರ್ ಭಾಳ ಮಂದಿ ಅದಾರ.”

ದ್ಯಾಮಣ್ಣ ಚಾವಿ ಕೊಡಬಹುದಿತ್ತು. ಕೊಡಲಿಲ್ಲ. ಆಮೇಲೆ ಒತ್ತಿದ. ನೂರರ ತನಕ ಒತ್ತಿದ.

ಸುಗ್ಗಿ ಮುಗಿಯುವ ಹೊತ್ತಿಗೆ, ಬೆಳಗಿನ ಬಿಸಿಲಿನಲ್ಲಿ, ಕಬ್ಬಿನ ಟ್ರ್ಯಾಕ್ಟರ್ ದಾಟಿಸಿಕೊಂಡು ಹೋಗುವಾಗ ಎದುರಿಗೆ ಒಬ್ಬ ಹಾಲಿನವನ ಬೈಕು. ದ್ಯಾಮಣ್ಣ ಬ್ರೇಕ್ ತುಳಿದ. ಆ ಓಟಕ್ಕೆ ಯಾವ ಬ್ರೇಕು ಹಿಡಿಯುತ್ತದೆ. ಹಾಲಿನ ಕ್ಯಾನುಗಳು ರಸ್ತೆ ತುಂಬ ಉರುಳಿದವು. ಹಾಲಿನವನ ಕಾಲು ಮೊಣಕಾಲಿನ ಕೆಳಗೆ ತುಂಡಾಗಿ ಹೋಯಿತು. ನಮ್ಮ ಲಾರಿ ಬೇವಿನ ಮರಕ್ಕೆ ಗುದ್ದಿ ನಿಂತಿತು. ನನ್ನ ಮೈಮೇಲಿನ ನಂಬರಿನ ಸ್ಟಿಕ್ಕರು ಅಲ್ಲೇ ಕಿತ್ತುಹೋಯಿತು. ದ್ಯಾಮಣ್ಣ ಓಡಿಹೋಗಲಿಲ್ಲ, ತನ್ನ ಟವೆಲ್ಲನ್ನು ಹಾಲಿನವನ ಕಾಲಿಗೆ ಬಿಗಿದು ಕಟ್ಟುತ್ತಾ ಕೂತಿದ್ದ. ಅದರ ಮಧ್ಯೆ ಫೋನು ಬಡಿದುಕೊಳ್ಳುತ್ತಲೇ ಇತ್ತು.

ಠಾಣೆಯ ಅಂಗಳದಲ್ಲಿ ಗಾಡಿ ಪರೀಕ್ಷೆ ಮಾಡಿದರು. ಗೌರ್ನರ್ ವೈರು ಕಟ್ ಆಗಿದೆ ಅಂತ ಬರೆದರು. ಯಾರು ಕಟ್ ಮಾಡಿದ್ದು? ಸಾವ್ಕಾರ ಕೈ ಮುಗಿದು, ನಾವು ಸೀಲು ಹಾಕಿಸಿ ಕೊಟ್ಟೀವ್ರಿ, ಡ್ರೈವರ್ ಏನ್ ಮಾಡಿದ್ನೋ ಅಂದರು. ಇಸಾಕ್ ಈ ಗಾಡಿ ನೋಡೇ ಇಲ್ಲ ಅಂದ. ಗೌರ್ನರ್ ಬ್ಯಾಡ ಅಂತ ಆಫೀಸಿನ ಮುಂದೆ ಕೂತವರಲ್ಲಿ ಇವನೂ ಒಬ್ಬ ಅಂತ ಎಲ್ಲರಿಗೂ ಚೆನ್ನಾಗಿ ನೆನಪಿತ್ತು. ಅವನು ಎದ್ದು ನಿಂತು ಹೇಳಿದ ಮಾತು ಮಾತ್ರ ಯಾರಿಗೂ ನೆನಪಿರಲಿಲ್ಲ. ಲೈಸೆನ್ಸ್ ಕಿತ್ತುಕೊಂಡು, ಕೇಸು ಹಾಕಿದರು.

ಸಾವ್ಕಾರ ಲಾರಿ ಬಿಡಿಸಿಕೊಂಡು, ಜಜ್ಜಿಹೋದ ಕ್ಯಾಬಿನ್ನನ್ನು ಬಾಷಾ ಎಂಬ ಗುಜರಿಯವನಿಗೆ ಮಾರಿದರು. ಬಾಷಾ ನನ್ನನ್ನು ಬಿಚ್ಚಿ ಒಂದು ಗೋಣಿಚೀಲಕ್ಕೆ ಹಾಕಿದ. ಆ ಚೀಲದಲ್ಲಿ ನನ್ನಂಥವೇ ತುಂಬಿದ್ದವು.

ಮೊನ್ನೆ ದ್ಯಾಮಣ್ಣ ಅಲ್ಲಿಗೆ ಬಂದ. ಗಡ್ಡ ಬಿಟ್ಟಿದ್ದ. ವೈರು ಗ್ಯಾರೇಜಿನಲ್ಲಿ ಕಟ್ ಆಗಿದ್ದು ಅಂತ ಕೋರ್ಟಿಗೆ ತೋರಿಸಬೇಕು, ತನ್ನ ಗಾಡಿಯ ಡಬ್ಬಿ ಬೇಕು ಅಂದ. ಅದು ಸಿಕ್ಕರೆ ಲೈಸೆನ್ಸ್ ವಾಪಸು ಬರಬಹುದು ಅಂತ ಯಾರೋ ಹೇಳಿದ್ದರು. ಬಾಷಾ ಚೀಲವನ್ನು ಅವನ ಮುಂದೆ ಸುರಿದ. ದ್ಯಾಮಣ್ಣ ಕುಕ್ಕರಗಾಲಿನಲ್ಲಿ ಕೂತು ಒಂದೊಂದನ್ನೇ ತಿರುಗಿಸಿ ನೋಡಿದ. ಎಲ್ಲದರ ವೈರೂ ಅದೇ ಜಾಗದಲ್ಲಿ ಕಟ್. ಎಲ್ಲದಕ್ಕೂ ಅದೇ ಟೇಪು.

“ಇವೆಲ್ಲಾ ಒಂದ ಥರಾ ಅದಾವಲ್ಲೋ ಬಾಷಾ.”

“ಎಲ್ಲಾ ಇಸಾಕ್ ಚಾಚಾನ ಕೆಲಸ. ನಿನ್ನ ನಂಬರ್ ಏನಿತ್ತೋ ದ್ಯಾಮಣ್ಣ?”

ಗಾಡಿಯ ಕಾಗದವೆಲ್ಲ ಸಾವ್ಕಾರರ ಕಪಾಟಿನಲ್ಲಿತ್ತು. ಅವನಿಗೇನು ಗೊತ್ತು.

ಅವನು ನನ್ನನ್ನೂ ಕೈಯಲ್ಲಿ ಹಿಡಿದ. ಹೆಬ್ಬೆರಳಿನಿಂದ ಒರೆಸಿದ. ನಾನೇ, ನಾನೇ ಅಂತ ಕೂಗಬೇಕು ಅನ್ನಿಸಿತು. ಡೀಸೆಲ್ ಹಿಡಿಯೋದು ಕಲಿಸಿದ್ದರು, ಕೂಗೋದು ಕಲಿಸಿರಲಿಲ್ಲ. ಸ್ಟಿಕ್ಕರಿಲ್ಲದ ಡಬ್ಬಿಯನ್ನು ಕೋರ್ಟಿನಲ್ಲಿ ಯಾರು ಕೇಳುತ್ತಾರೆ ಅಂದುಕೊಂಡನೋ ಏನೋ, ನನ್ನನ್ನು ಪಕ್ಕಕ್ಕಿಟ್ಟ. ನಂಬರು ಅಳಿಸದೆ ಉಳಿದಿದ್ದ ಇನ್ನೊಂದನ್ನು ಎತ್ತಿಕೊಂಡ. ಅದು ಯಾರದೋ ಬೇರೆ ಲಾರಿಯದು. ಸಾವ್ಕಾರರ ವಕೀಲ ಆ ನಂಬರು ಓದಿದರೆ ಸಾಕು, ದ್ಯಾಮಣ್ಣನ ಕಥೆ ಮುಗಿಯಿತು.

ಇದೇ ನಂದು ಅಂತ ಬಾಷಾನಿಗೆ ಹೇಳಿ, ಅದನ್ನು ಟವೆಲ್ಲಿನಲ್ಲಿ ಸುತ್ತಿ, ಕೂಸನ್ನು ಎತ್ತಿಕೊಂಡ ಹಾಗೆ ಎದೆಗೆ ಒತ್ತಿಕೊಂಡು ಬಸ್ ಸ್ಟ್ಯಾಂಡಿನ ಕಡೆ ನಡೆದ.