ಅತಿಥಿಯ ಜಾಗದಲ್ಲಿ ಹಗೆ

ಫಿನಾಯಿಲ್ ವಾಸನೆ, ಇದು ಅಮ್ಮನದೇ — ನೆಂಟರು ಮೆಟ್ಟಿಲಿಳಿದು ಬೀದಿ ತಿರುಗುವುದೇ ತಡ, ಹೊರಕೋಣೆಗೆ ಬಕೆಟ್ಟು ತಂದು ಮೂಲೆಮೂಲೆ ಉಜ್ಜುತ್ತಿದ್ದಳು, ಹೋದ್ರಲ್ಲಪ್ಪ ಸದ್ಯ, ಇನ್ನೊಂದು ದಿನ ಇದ್ದು ಹೋಗಿ ಅಂತ ಈಗಷ್ಟೇ ಬಾಗಿಲಲ್ಲಿ ಅಂದ ಅದೇ ಬಾಯಿ, ನೆಂಟರ ಮೇಲೂ ಆಸೆ, ಅಕ್ಕಿಯ ಮೇಲೂ ಪ್ರೀತಿ — ಅರವತ್ತು ವರ್ಷದ ಮೇಲೆ ಈ ಆಸ್ಪತ್ರೆಯ ಬೆಂಚಿನಲ್ಲಿ ಅದೇ ವಾಸನೆ ಇವಳ ಮೂಗಿಗೆ ಹತ್ತಿದೆ, ಒಳಗೆ ತಮ್ಮನ ಎದೆ ತೆರೆದಿದ್ದಾರೆ, ಬೆಂಚಿನ ಆ ತುದಿಯಲ್ಲಿ ತಮ್ಮನ ಹೆಂಡತಿ, ಈ ತುದಿಯಲ್ಲಿ ಇವಳು, ನಡುವೆ ಮೂರು ಜನ ಕೂರುವಷ್ಟು ಖಾಲಿ. ಅಕ್ಕಾ, ನಾನು ಒಳಗಿರೋವಾಗ ಅವಳ ಪಕ್ಕ ಕೂತ್ಕೊ, ಅಷ್ಟು ಸಾಕು ಕಣೆ, ಅಂದಿದ್ದ ಗಾಲಿಮಂಚದ ಮೇಲಿಂದ, ಹೂಂ ಅಂದಿದ್ದಳು, ಕೂತಿಲ್ಲ, ಹನ್ನೆರಡು ವರ್ಷದಿಂದ ಕೂತಿಲ್ಲ, ಅವನು ಹೇಳದೆ ಕೇಳದೆ ಮದುವೆಯಾಗಿ ಕರೆತಂದ ದಿನದಿಂದ, ಬಂದಾಗಲೆಲ್ಲ ಅವಳಿಗೆ ಹೊರಕೋಣೆಯ ಕುರ್ಚಿ, ಅಂಚು ನೆಗ್ಗಿದ ಲೋಟದಲ್ಲಿ ನೀರು, ಅವಳೋ ಆ ನೆಗ್ಗನ್ನು ಅಂಗೈಯಲ್ಲಿ ಮುಚ್ಚಿ ಹಿಡಿದು ಕುಡಿಯುತ್ತಿದ್ದಳು, ಕೊಟ್ಟವರಿಗೂ ಕಾಣದ ಹಾಗೆ — ಹಾಸ್ಪಿಟಲ್, ಈ ಪದದ ಚೀಟಿ ಬರೆದವಳೇ ಇವಳು, ನಿಘಂಟು ಕಚೇರಿಯಲ್ಲಿ ಮೂವತ್ತು ವರ್ಷ ತೇದದ್ದು ಇಂಥದಕ್ಕೇ, ಲ್ಯಾಟಿನ್ನಿನ ಹಾಸ್ಪೆಸ್ ಅಂದರೆ ಅತಿಥಿ, ಅತಿಥಿಯನ್ನು ಕರೆದು ಕೂರಿಸುವವನೂ ಅದೇ, ಫ್ರೆಂಚರ ಓತ್ ಇವತ್ತಿಗೂ ಎರಡೂ, ಯಾರು ಬಂದವರು ಯಾರು ಬಡಿಸಿದವರು, ಸಂದರ್ಭ ನೋಡಿಯೇ ತಿಳಿಯಬೇಕು, ಜರ್ಮನ್ನರ ಗಾಸ್ಟ್, ಇಂಗ್ಲಿಷಿನ ಗೆಸ್ಟ್ ಅದೇ ಬಳಗ, ಲ್ಯಾಟಿನ್ನಿನ ಹಾಸ್ಟಿಸ್ ಕೂಡ, ಮೊದಲು ಹೊರಗಿನವನು, ಬರಬರುತ್ತ ಹಗೆ, ಅಲ್ಲಿ ಎಷ್ಟು ಕಾಲ ಹಿಡಿಯಿತೋ, ಇವಳಿಗೆ ಒಂದು ಲೋಟ ನೀರು ಕುಡಿಯುವಷ್ಟೂ ಹಿಡಿಯಲಿಲ್ಲ — ಅಚ್ಚಿನ ಮನೆಯವನು ಕರಡು ಹಿಡಿದು ಬಂದು ನಕ್ಕಿದ್ದ, ಮೇಡಂ, ಗೆಸ್ಟ್ ಅನ್ನೋದಕ್ಕೆ ಹಗೆ ಅಂತ ಬರ್ದಿದ್ದೀರಲ್ಲ, ಮನೆಗೆ ಯಾರಾದ್ರೂ ಬಂದಿದ್ದಾರಾ — ಬಂದಿದ್ದಳು, ಹಿಂದಿನ ದಿನವೇ ಮೊದಲ ಸಲ ಬಂದಿದ್ದಳು, ಇವಳು ತಿದ್ದಿದ್ದು ಕರಡನ್ನು ಮಾತ್ರ. ಬಾಗಿಲ ಮೇಲಿನ ಕೆಂಪು ದೀಪ ಇನ್ನೂ ಆರಿಲ್ಲ, ಎಷ್ಟು ಹೊತ್ತು, ಹೃದಯ ಅನ್ನುವ ಪದ — ಬೇಡ, ಆ ಚೀಟಿ ಬೇಡ — ಬೆಂಚು ಕಿರುಗುಟ್ಟುತ್ತದೆ, ಯಾರು ಸರಿದದ್ದು, ತಾನೇ, ಇವಳೇ, ಒಂದು ಗೇಣು, ಇನ್ನೊಂದು, ಮೂರು ಜನರ ಜಾಗ ಈಗ ಇಲ್ಲ, ಅತ್ತಿಗೆ, ಬೆಳಿಗ್ಗೆಯಿಂದ ಏನೂ ತಿಂದಿಲ್ಲ ನೀವು, ಅವಳು ಚೀಲದಿಂದ ಎರಡು ಊಟದ ಡಬ್ಬಿ ತೆಗೆದಳು, ಒಂದನ್ನು ತಿರುಗಿಸಿ ನೋಡಿ ಸದ್ದಿಲ್ಲದೆ ತನ್ನ ಮಡಿಲಲ್ಲಿಟ್ಟುಕೊಂಡಳು, ಇನ್ನೊಂದರ ಮುಚ್ಚಳ ಸಡಿಲಿಸಿ ಇವಳ ಕೈಗೆ ಕೊಟ್ಟಳು, ಬೆಚ್ಚಗಿದೆ, ಸುತ್ತಲೂ ನುಣ್ಣಗಿದೆ, ಯಾರು ಬಂದವರು, ಯಾರು ಬಡಿಸಿದವರು — ಇವಳ ಕಣ್ಣು ಆ ಮಡಿಲಲ್ಲೇ, ಆ ಡಬ್ಬಿಯ ಅಂಚಿನಲ್ಲೇ, ಅಂಗೈ ಮುಚ್ಚಿಯೂ ಕಾಣುವ, ಹೆಬ್ಬೆರಳಷ್ಟು ಅಗಲದ ನೆಗ್ಗು, ಆ ನೆಗ್ಗು